ನೀರು ಹೊತ್ತಾವ

ಶನಿವಾರ ದೀಪ ಹಚ್ಚೂ ಹೊತ್ತಿಗೆ
ಗುಳೇದಗುಡ್ಡದ ಓಣಿಯೊಳಗ ಮಗ್ಗಗಳು
ಒಂದೊಂದಾಗಿ ಸುಮ್ಮನಾಗತಾವ.
ಆವಾಗ ಮಾರ್ಥವ್ವ ಹೊಂಡತಾಳ.
ಮುಂದ ಆಕಿ, ಹೆಗಲ ಮ್ಯಾಲ ಮೆತ್ತಗಾದ ಹಳೆ ಪಂಜೆ,
ಚೀಲದಾಗ ನೂಲು ಕತ್ತರಿಸೂ ಕತ್ತರಿ, ಕೊಬ್ಬರಿ ಎಣ್ಣಿ.
ಹಿಂದ ನಾನು, ಒಂದು ಕೈಯಾಗ ಬಿಸಿನೀರ ಕೊಡ,
ಇನ್ನೊಂದರಾಗ ಬ್ಯಾಟರಿ.

ಮುದುಕರ ಕಾಲುಗುರು ತಗಿಯೂದು ಕೆಲಸ.
ಬಗ್ಗಾಕ ಬರದವರಿಗೆ, ಕಣ್ಣಾಗ ಪರಿ ಬಂದವರಿಗೆ,
ಸಕ್ಕರಿ ಬ್ಯಾನಿಯಿಂದ ಪಾದ ಜೋಮು ಹಿಡಿದವರಿಗೆ
ತಮ್ಮ ಕಾಲೇ ಒಂದು ದೂರದ ಊರು.
ಅಲ್ಲಿಗೆ ಬಸ್ಸಿಲ್ಲ.

ಚನಮಲ್ಲಪ್ಪ ಐವತ್ತೆರಡು ವರ್ಷ ಕುಣಿಮಗ್ಗದಾಗ ಕುಂತಾವ.
ಆಂವ ನೇಯ್ದ ಖಣ ಲಗ್ನದ ಮನ್ಯಾಗ
ಕೈಯಿಂದ ಕೈಗೆ ಹೋಗತಿತ್ತು, ಸವರಿ ಸವರಿ ಹೊಗಳತಿದ್ದರು.
ಕುಣಿಯೊಳಗ ಕತ್ತಲಿ. ಅಲ್ಲಿ ಎರಡು ಕಾಲು
ತುಳೀತಿದ್ದವು, ಬಿಡತಿದ್ದವು, ತುಳೀತಿದ್ದವು.
ಅವನ್ನ ಯಾರೂ ಕೇಳಲಿಲ್ಲ.
ಈಗ ಉಗುರು ಆಡಿನ ಕೊಂಬಿನಂಗ ಹಳದಿ, ಡೊಂಕು,
ಕತ್ತರಿ ಇಟ್ಟರ ಜಾರತೈತಿ.
ಮಾರ್ಥವ್ವ ಆ ಪಾದ ತೊಡಿ ಮ್ಯಾಲ ಇಟಗೊಂಡು
ಜ್ವಾಳದಾಗ ಹಳ್ಳು ಆರಿಸಿದಂಗ
ಚೂರು ಚೂರು ತಗೀತಾಳ.
ನಾನು ವಾಸನಿಗೆ ಮಾರಿ ತಿರುವಿದೆ,
ಬೆಳಕೂ ನನ್ನ ಕೂಡ ತಿರಗಿತು.
"ಬೆಳಕು ಇಲ್ಲಿ ಬೇಕೊ ಯೋಬಾ" ಅಂದಳು, ಅಷ್ಟ.

ಮರುದಿನ ಸಭೆಯೊಳಗ ಎದ್ದು ನಿಂತು
ಸಾಕ್ಷಿ ಹೇಳಿದೆ ನಾನು. ದನಿ ಸ್ವಲ್ಪ ನಡುಗಿಸಿದೆ.
ಕರ್ತನ ಕೃಪೆಯಿಂದ ಹನ್ನೊಂದು ಮಂದಿ ಸೇವಾ ಮಾಡಿದಿವಿ,
ಇಪ್ಪತ್ತೆರಡು ಪಾದ ತೊಳೆದಿವಿ, ಅಂದೆ.
ಅಯ್ಯನವರು ತಲಿ ದೂಗಿದರು. ಹಿಂದಿನ ಸಾಲಿನಾಗ
ಯಾರೋ ಕಣ್ಣೊರಸಿಕೊಂಡರು, ನನಗದು ಕಾಣಿಸಿತು.
ಹೊರಗ ಚಪ್ಪಲಿ ಮೆಟ್ಟಿಕೊಂತ ಮಾರ್ಥವ್ವ ಅಂದಳು:
"ಇಪ್ಪತ್ತೊಂದೊ. ರಾಜೇಸಾಬಗ ಒಂದೇ ಕಾಲೈತಿ.
ಬ್ಯಾಟರಿ ಹಿಡದಾವ ನೀನ, ನೋಡಲಿಲ್ಲೇನು?"

ಆ ಮಾತು ವಾರಗಟ್ಟಲೆ ಹಿಮ್ಮಡಿಯಾಗಿನ ಮುಳ್ಳು.

ಆಮ್ಯಾಲ ಒಂದು ಶನಿವಾರ ದುರಗವ್ವಾಯಿ ಮನಿ.
ಮೂವತ್ತು ವರ್ಷ ಊರ ಗಟಾರ ಬಳದಾಕಿ.
ನಮ್ಮನ್ನ ಕಂಡಕೂಡಲೆ
ಕಾಲು ಸೀರಿಯೊಳಗ ಎಳಕೊಂಡಳು, ಕೋಳಿ ಮರಿ ಮುಚ್ಚಿದಂಗ.
"ಬ್ಯಾಡವ್ವಾ. ಈ ಕಾಲು ಯಾರೂ ಮುಟ್ಟಿಲ್ಲ.
ಕೊಡೂದು ಹೆಂಗಂತ ನನಗ ಗೊತ್ತಿಲ್ಲ."

ಹಿಂದಕ ಒಬ್ಬ ಮೀನಗಾರನೂ ಬ್ಯಾಡಂದಿದ್ದ,
ಗುರು ನಡಕ್ಕ ಅರಿವಿ ಕಟ್ಟಿ ಮುಂದ ಕುಂತಾಗ.
ನಾನು ಅದನ್ನ ಹೇಳಾಕ ಬಾಯಿ ತೆರದೆ.
ಮಾರ್ಥವ್ವ ನನ್ನ ನೋಡಲಿಲ್ಲ.
ಬೋಗಾಣಿ ತನ್ನ ಕಡೆ ಎಳಕೊಂಡು
ತನ್ನ ಎರಡೂ ಕಾಲು ನೀರಾಗ ಇಟ್ಟಳು.
"ನಂದು ನೀ ತೊಳಿ ಹಂಗಾದ್ರ. ಮೊಣಕಾಲು ಬ್ಯಾನಿ,
ನನಗೂ ಬಗ್ಗಾಕ ಬರವಲ್ತು ಈಗೀಗ."

ಮುದುಕಿ ಬಹಳ ಹೊತ್ತು ಸುಮ್ಮನ ಕುಂತಳು.
ಆಮ್ಯಾಲ ಕೈ ಬಂತು, ಬೆರಳಿನ ಸಂದಿಯೊಳಗ
ಮಣ್ಣು ಹುಡುಕಿ ಹುಡುಕಿ ತಿಕ್ಕಿತು.
"ಎಷ್ಟು ಒಡದಾವಬೇ ನಿನ್ನ ಹಿಮ್ಮಡಿ" ಅಂತ ಬೈದಳು.
ಮಾರ್ಥವ್ವ ಕಣ್ಣು ಮುಚ್ಚಿದ್ದಳು.
ಸೀರಿ ಅಂಚಿನಿಂದ ಒಂದು ಪಾದ, ಕಪ್ಪು, ಅಗಲ,
ತಾನಾಗೇ ಹೊರಗ ಬಂದಿತ್ತು.
ಬ್ಯಾಟರಿ ಗೋಡಿಗೆ ಆನಿಸಿ ಇಟ್ಟೆ.
ಕತ್ತರಿ ಹಿಡಿಯಾಕ ನನಗ ಬರತಿರಲಿಲ್ಲ, ಒಂದು ಕಡೆ ರಕ್ತ ಬಂತು.
"ಇರಲಿ ತಗಿ, ಕಲೀತಿ" ಅಂದಳು ದುರಗವ್ವಾಯಿ.

ಆ ರಾತ್ರಿಯ ಊಟದ ಮನಿಗೆ
ಕೊಡ ಹೊತ್ತು ನಡದಾವ ಒಬ್ಬ ಇದ್ದನಂತ.
ಬ್ಯಾರೆಯವರ ಹೆಸರು ಬಾಯಿಪಾಠ ಐತಿ ನಮಗ,
ಅವನ ಹೆಸರು ಯಾರೂ ಕೇಳಿಲ್ಲ.

ಈಗೂ ಶನಿವಾರ ಕೊಡ ತಗೊಂಡು ಹೊಂಟಾಗ
ಮಗ್ಗದ ಮನಿ ಕಟ್ಟಿಯಿಂದ ಕೇಳತಾರ:
ಎಲ್ಲಿಗಪಾ ಯೋಬಣ್ಣ?
ನೀರು ಹೊರಾಕ, ಅಂತೀನಿ.
ಕೊಡ ತುಳುಕಿ ಪಿಂಡ್ರಿ ಮ್ಯಾಲ ಬಿಸಿ ಬೀಳತೈತಿ.