ಹಾಳೆಯ ಹಿಂಬದಿ

ಕೋಟೆಯ ಕಚೇರಿ, ಮೂರನೆಯ ಮಹಡಿ.
ನನಗೆ ಕೊಟ್ಟದ್ದು ಒಂದು ಕುರ್ಚಿ, ಒಂದು ಕತ್ತರಿ,
ಕನ್ನಡ ಬಲ್ಲೆನೆಂದು ತಿಂಗಳಿಗೆ ಎಂಟು ರೂಪಾಯಿ ಹೆಚ್ಚು.

ಊರಿನ ಹೆಸರು ಕಂಡರೆ ಕತ್ತರಿಸು. ಹಡಗು, ಸೇತುವೆ,
ಎಷ್ಟು ಮಂದಿ, ಎತ್ತ ಹೊರಟರು, ಕತ್ತರಿಸು.
ಅಳು ಜಾಸ್ತಿಯಾದರೆ ಸಾಹೇಬರಿಗೆ ತೋರಿಸು.
ಹೀಗೆ ಮೂರು ವರ್ಷ
ಪರರ ಮನೆಯ ಒಗ್ಗರಣೆ ಮೂಸುತ್ತ ಕೂತೆ.

ಸಿದ್ರಾಮ ಕಟಗೇರಿ ಬರೆಯುತ್ತಿದ್ದ ಬರ್ಮಾದಿಂದ.
ಬರ್ಮಾ ಎಂದು ಗೊತ್ತಿದ್ದದ್ದು ನನಗೆ,
ಅವನ ಹೆಂಡತಿಗೆ ಅದೊಂದು ತೂತು.

"ಚಿ. ಸೌ. ತಂಗೆವ್ವಗ, ಉಭಯಕುಶಲೋಪರಿ.
ಇಲ್ಲಿ ಮಳಿ ಮ್ಯಾಲಿಂದ ಅಲ್ಲ, ನೆಲದಿಂದ ಬರತೈತಿ.
ಕನಸಿನ್ಯಾಗ ನೀ ರೊಟ್ಟಿ ಬಡಿಯೋ ಸಪ್ಪಳ.
ಎದ್ದರ ಅದು ತೋಪು."

ಇತ್ತ ಘೋಡಪದೇವದ ಚಾಳು, ನಳದ ಪಕ್ಕದ ಖೋಲಿ.
ತಂಗೆವ್ವ ಹೇಳುತ್ತಾಳೆ,
ರಾತ್ರಿಶಾಲೆಗೆ ಹೋಗುವ ಹೋಟೆಲ್ ಹುಡುಗ ಬರೆಯುತ್ತಾನೆ.
ಯುದ್ದ ಎಂದೇ ಬರೆಯುತ್ತಾನೆ, ಹೊಟ್ಟೆ ಸೀಳದೆ.
ನಾನು ತಿದ್ದಲಿಲ್ಲ. ತಿದ್ದುವುದು ನನ್ನ ಕೆಲಸವಲ್ಲ.

"ನಮ್ಮ ಗಿರಣ್ಯಾಗ ಈಗ ಬರೇ ಖಾಕಿ.
ನೂಲಿಗೆ ಬೆರಳ ಹಚ್ಚಿದರ
ನಿಮ್ಮ ಬೆನ್ನ ಮುಟ್ಟಿದಂಗ ಆಗತೈತಿ."
ಗಿರಣಿಯ ಗುತ್ತಿಗೆ ಸರಕಾರಿ ಗುಟ್ಟು.
ಬೆನ್ನನ್ನೂ ಕತ್ತರಿಸಿದೆ.

ಆ ಚೈತ್ರದ ಮಧ್ಯಾಹ್ನ ಬಂದರಿನಲ್ಲಿ ಹಡಗು ಸಿಡಿದಾಗ
ಮೇಜಿನ ಮಸಿಕುಡಿಕೆ ತಾನಾಗಿ ನಡೆದು ನೆಲಕ್ಕೆ ಬಿತ್ತು.
ನಾಲ್ಕು ದಿನಕ್ಕೆ ಅವಳ ಪತ್ರ:
"ಮುಗಿಲಿಂದ ಉರಿಯೋ ಅರಳಿ ಬಿತ್ತು. ಗೋಡಿ ಬಿರಕ ಬಿಟ್ಟೈತಿ.
ಬಾಜೂ ಖೋಲಿ ಹಮಾಲ ಇನ್ನೂ ಮನೀಗೆ ಬಂದಿಲ್ಲ.
ಯುದ್ದ ಇಲ್ಲೇ ಬಂತು, ನೀವ್ಯಾಕ ಅಲ್ಲಿ?"
ಸುತ್ತೋಲೆ ಬಂದಿತ್ತು. ಹದಿನಾಲ್ಕು ಸಾಲು.
ಉಳಿದದ್ದು:
ಇತ್ತ ಎಲ್ಲ ಕ್ಷೇಮ. ನನಗ ಆರು ತಿಂಗಳು.

ಅವನ ಕಡೆಯಿಂದಲೂ ಉಳಿಯುತ್ತಿದ್ದದ್ದು ಕ್ಷೇಮವೇ.
ಕತ್ತರಿ ತಿನ್ನದ ಪದ ಅದೊಂದೇ.

ಶ್ರಾವಣದಲ್ಲಿ ಹೆಣ್ಣು. ಸುದ್ದಿ ಕಾಡಿನಲ್ಲಿ ಅಲೆದು
ಅವನ ಉತ್ತರ ಬಂದದ್ದು ಹೋಳಿಹುಣ್ಣಿಮೆಗೆ.
ಈರುಳ್ಳಿ ಸಿಪ್ಪೆಯಂಥ ಹಾಳೆ, ಎರಡೂ ಬದಿ ಬರಹ.
ಮುಂಬದಿಯಲ್ಲಿ, ದಾಟಬೇಕಾದ ನದಿಯ ಹೆಸರು.
ಕೈ ತಾನೇ ಹೋಯಿತು.
ಚೂರು ಮೇಜಿನ ಮೇಲೆ ಮಗುಚಿ ಬಿತ್ತು.
ಹಿಂಬದಿಯಲ್ಲಿ, ಕೂಸಿಗೆ ಇಡಬೇಕಾದ ಹೆಸರು.
ನಾಲ್ಕೇ ಅಕ್ಷರ, ಒಂದೂ ಮುಕ್ಕಾಗದೆ.

ಗೋಂದು ಪಕ್ಕದಲ್ಲೇ ಇತ್ತು.
ಅಂಟಿಸಿದರೆ ಹೆಸರಿನ ಜತೆ ನದಿಯೂ ಹೋಗುತ್ತಿತ್ತು.
ಜವಾನ ಬಂದ, ಕಟ್ಟು ಎತ್ತಿಕೊಂಡ.
ಚೂರುಗಳನ್ನು ಸಂಜೆ ಸುಡಬೇಕೆಂಬುದು ನಿಯಮ.
ಅದೊಂದನ್ನು ಸುಡಲಿಲ್ಲ.

"ಹೆಸರಿನ ಜಾಗಾದಾಗ ತೂತ ಐತಿ. ಇನ್ನೊಮ್ಮೆ ಬರೀರಿ.
ನಾವು ಕಾಯತೇವಿ."
ಆ ಪತ್ರ ಒಡೆಯದೆಯೇ ಹಿಂದಿರುಗಿತು,
ಮೇಲೊಂದು ನೇರಳೆ ಮುದ್ರೆ.

ಯುದ್ಧ ಮುಗಿದು ಎರಡು ಮಳೆಗಾಲ ಕಳೆದು
ಚಾಳಿನ ಮೆಟ್ಟಿಲು ಹತ್ತಿದೆ.
ನಳದ ಹತ್ತಿರ ತಂಬಿಗೆ ಹಿಡಿದ ಪೋರಿ.
ಹೆಸರೇನವ್ವ ಅಂದೆ.
"ಕೂಸು," ಅಂದಳು. "ಅಪ್ಪಾ ಬರದದ್ದು
ಟಪಾಲದಾಗ ಐತಿ."

ಏನು ಹೇಳಬೇಕೆಂದು ಬಾಯಿಪಾಠ ಮಾಡಿ ಹೋಗಿದ್ದೆ.
ಹೇಳಲಿಲ್ಲ. ಚೂರನ್ನು ಒದ್ದೆ ಅಂಗೈಯಲ್ಲಿಟ್ಟೆ.
ಅಕ್ಷರ ಬಾರದ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ
ಒಳಗೋಡಿದಳು, ತಂಬಿಗೆ ಅಲ್ಲೇ ಬಿಟ್ಟು.
ನೀರು ತುಂಬಿ ಹರಿಯುತ್ತಿತ್ತು. ನಳ ನಿಲ್ಲಿಸಿ ಇಳಿದುಬಂದೆ.

ಹತ್ತು ವರ್ಷದ ಮೇಲೆ, ಕನ್ನಡ ಶಾಲೆಯ ಗೋಡೆ,
ಏಳನೇ ಇಯತ್ತೆಯ ಪಟ್ಟಿ.
ನನ್ನ ತಂಗಿಯ ಮಗನ ಹೆಸರು ಹುಡುಕುತ್ತ ನಿಂತಿದ್ದೆ.
ಅವನು ಫೇಲು.
ಅವನಿಗಿಂತ ಮೂರು ಸಾಲು ಮೇಲೆ
ಐರಾವತಿ ಸಿದ್ರಾಮ ಕಟಗೇರಿ, ಪಾಸು.

ಹೋಟೆಲ್ ಹುಡುಗ ಒಂದೇ ಬದಿ ಓದಿದನೋ,
ಎರಡೂ ಓದಿಸಿಕೊಂಡು ತಂಗೆವ್ವಳೇ ಆರಿಸಿದಳೋ.
ಇನ್ನೊಂದು ಹೆಸರು ನನಗೆ ಗೊತ್ತು.
ಮಗಳು ಹುಟ್ಟಿದಾಗಲೂ ಅದನ್ನು ಇಡಲಿಲ್ಲ.