ಒಂಬತ್ತನೆಯವಳು

ಪಿ.ಜೆ. ಬಡಾವಣೆ, ಔಷಧಿ ಅಂಗಡಿ ಮೇಲಿನ ಹಾಲ್.
ಗೋಡೆಗೆ ಪ್ಲಂಬರ್ ಬಿಗಿದ ಜಿಐ ಪೈಪು,
ಅದನ್ನು ಹಿಡಿದ ಎಂಟು ಮಕ್ಕಳು,
ಅರ್ಧ ಬಾಯಿಗಳಲ್ಲಿ ಮುಂದಿನ ಹಲ್ಲಿಲ್ಲ.
ಹಾಜರಿ ಪಟ್ಟಿಯ ಕೊನೆಗೆ, ಪೆನ್ಸಿಲ್ಲಲ್ಲಿ, ನುಸ್ರತ್:
ಹದಿನಾರು ತುಂಬಿ ಮೂರು ತಿಂಗಳು,
ಕಾಲಿಗೆ ಅಣ್ಣನ ಕ್ರಿಕೆಟ್ ಸಾಕ್ಸು.

ಹರಿಹರದ ಬಸ್ಸಿಳಿದು ಬರುವ ಬೆನಿಟಾ ಮಿಸ್
ಹಿಮ್ಮಡಿ ಕೂಡಿಸು, ಬೆರಳು ಹೊರಗೆ, ಅನ್ನುತ್ತಾರೆ.
ಅಷ್ಟೇ. ಪುಸ್ತಕ ತೆರೆದ ಹಾಗೆ.
ನನ್ನದು ಅರ್ಧಕ್ಕೇ ನಿಲ್ಲುತ್ತದೆ.
ಅಕ್ಕಾ, ಮೊಣಕಾಲು,
ಪಕ್ಕದ ಪುಟಾಣಿಯ ಪಿಸುಮಾತು.

ಪ್ಲಿಯೆ ಅಂದರೆ ಬಾಗುವುದಂತೆ.
ಬಾಗಿದೆ. ಎಲ್ಲೋ ಲಟಕ್ಕೆಂದಿತು,
ಪೈಪೋ, ನಾನೋ.

ರಾತ್ರಿ ಭಟ್ಟಿಯಲ್ಲಿ ಅಬ್ಬಾ
ಕಾದ ಮರಳಿಗೆ ಅಕ್ಕಿ ಸುರಿಯುತ್ತಾರೆ.
ಚಟಪಟ ನೆಗೆಯುತ್ತದೆ, ನೆಗೆದದ್ದೇ ಹಗುರ,
ಒಂದು ಎರಡು ಎಣಿಸುವವರಿಲ್ಲ ಅದಕ್ಕೆ.
ಆದರೆ ನೆನೆಸಿದ್ದು, ಬೇಯಿಸಿದ್ದು,
ಉಪ್ಪು ಹಚ್ಚಿ ಅಂಗಳದಲ್ಲಿ ಒಣಗಿಸಿದ್ದು,
ಕಾಗೆ ಓಡಿಸಿದ್ದು ನಾನಲ್ಲವೇ.

ಯಾಕೇ, ಬಾತುಕೋಳಿ ಥರ ನಿಂತಿದೀಯ?
ಜರಡಿ ಆಡಿಸುತ್ತಾ ಅಬ್ಬಾ ಕೇಳಿದರು.
ಏನಿಲ್ಲ ಅಂದೆ.
ಚೀಲದ ಬಾಯಿ ಅಗಲಿಸಿ ಹಿಡಿದೆ
ಹಿಮ್ಮಡಿ ಕೂಡಿಸಿಕೊಂಡೇ.