ಗೆರೆಯ ಮೇಲಿನವು

ವಾರದ ಆರು ದಿನ ನಾನು ಎಣಿಸುವುದು ರಕ್ತ.
ಹಾವೇರಿಯ ಆಸ್ಪತ್ರೆ, ಹಿಂಬದಿಯ ಕೋಣೆ,
ಒಂದು ಕಣ್ಣು ಮಸೂರಕ್ಕೆ, ಹೆಬ್ಬೆರಳು ಗುಂಡಿಗೆ.
ಟಕ್. ಟಕ್. ಬಿಳಿಯ ಕಣ, ಇನ್ನೊಂದು, ಮತ್ತೊಂದು.

ಗಾಜಿನಲ್ಲಿ ಕೊರೆದ ಚೌಕಕ್ಕೆ ಒಂದು ಕಟ್ಟಳೆಯುಂಟು:
ಮೇಲಿನ ಗೆರೆ, ಎಡದ ಗೆರೆ ಮುಟ್ಟಿದ್ದು ಲೆಕ್ಕಕ್ಕೆ;
ಕೆಳಗಿನದು, ಬಲದ್ದು ಬಿಡಬೇಕು.
ಇಲ್ಲದಿದ್ದರೆ ಒಂದೇ ಜೀವ
ಕಾಗದದ ಮೇಲೆ ಎರಡು ಸಲ ಬದುಕುತ್ತದೆ.

ಏಳನೆಯ ದಿನ ಗಳಗನಾಥ.
ಜನವರಿಯ ನಸುಕು, ವರದೆ ಬಂದು
ತುಂಗಭದ್ರೆಗೆ ಸೇರುವ ಜಾಗ.
ಅದೇ ಗುಂಡಿ ಸ್ವೆಟರಿನ ಜೇಬಿನಲ್ಲಿ,
ಕೊರಳಲ್ಲಿ ಅರಣ್ಯ ಇಲಾಖೆಯ ದುರ್ಬೀನು,
ಅದರ ಬಲಗಣ್ಣು ಮಂಜು.
ಅಡ್ಡಿಯಿಲ್ಲ, ಒಂಟಿಗಣ್ಣು ನನಗೆ ರೂಢಿ.

ಮಾಲತೇಶ ಹರಗೋಲು ನೂಕಿದ.
ಇನ್ನೂ ಯಾವುದೂ ಹಕ್ಕಿಯಾಗಿಲ್ಲ ಆ ಹೊತ್ತಿಗೆ:
ಕಲ್ಲೂ ಕೊಕ್ಕರೆ, ಕೊಕ್ಕರೆಯೂ ಕಲ್ಲು.
ಆಮೇಲೆ ಒಂದು ಕಲ್ಲು ಕಾಲು ಬದಲಿಸಿತು.

ಫಾರ್ಮಿನಲ್ಲಿ ಹೆಸರು ಅಚ್ಚಾಗಿವೆ, ಚಮಚಕೊಕ್ಕು ಎಂದು.
ಅವನಿಗೆ ಅವು ‘ಹುಟ್ಟು ಬಾಯಾವು’.
ಅಂಬಲಿ ತಿರುವುವ ಹುಟ್ಟೋ, ಅವನ ಕೈಯೊಳಗಿನ ಹುಟ್ಟೋ,
ಕೇಳಲಿಲ್ಲ. ಎರಡೂ ಹಾಗೇ ಆಡುತ್ತವೆ,
ಅತ್ತ ಇತ್ತ, ಅತ್ತ ಇತ್ತ, ಕೆಸರು ಕಲಕುತ್ತ.

ದೊಡ್ಡ ಹಿಂಡಿಗೆ ಒಂದು ಉಪಾಯ:
ಹತ್ತನ್ನು ಎಣಿಸು, ಆ ಹತ್ತನ್ನೇ ಒಂದು ಪಡಿ ಮಾಡು,
ಆ ಪಡಿಯಿಂದ ಉಳಿದದ್ದನ್ನೆಲ್ಲ ಅಳೆ.
ಹೇಳಿಕೊಟ್ಟೆ. ಅವನು ಕಣ್ಣು ಕಿರಿದು ಮಾಡಿ
ಜೋಳದ ರಾಶಿಯ ಮುಂದೆ ಕೂತವರ ಹಾಗೆ ಶುರುಮಾಡಿದ:
‘ಲಾಭ... ಎರಡು... ಮೂರು...’
ಒಂದು ಅನ್ನಲಿಲ್ಲ. ಒಂದು ಅನ್ನಬಾರದು.
ನನ್ನ ಗುಂಡಿಗೆ ಈ ಮರ್ಯಾದೆ ಗೊತ್ತಿಲ್ಲ.

ನಡುಗಡ್ಡೆಯ ಮರಳಿನಲ್ಲಿ ನದಿ ರೀವಗಳು,
ಹಳದಿ ಕೊಕ್ಕು, ಕರಿ ಟೋಪಿ,
ಎಲ್ಲವೂ ಗಾಳಿಗೆ ಮುಖವೊಡ್ಡಿ.
ಆಚೆ ದಂಡೆ ಬೇರೆ ಜಿಲ್ಲೆ. ಅಲ್ಲಿ ಕೆಂಪು ಮಫ್ಲರಿನ ಒಬ್ಬರು
ನನ್ನ ಹಾಗೇ ದುರ್ಬೀನು ಎತ್ತಿದ್ದಾರೆ.
ಫೋನು ಬಂತು: ‘ಮೇಡಂ, ಆ ರೀವ ನಿಮ್ಮವೋ ನಮ್ಮವೋ?’
ನನ್ನ ಕಟ್ಟಳೆ ಹೇಳಿದೆ, ಎಡದ್ದು ಹಿಡಿ, ಬಲದ್ದು ಬಿಡು.
‘ಯಾರ ಎಡ ಮೇಡಂ?’ ಅಂದರು.
ಉತ್ತರ ಹುಡುಕುವುದರೊಳಗೆ ಎಲ್ಲ ಎದ್ದವು,
ಒಂದು ಸುತ್ತು ಹಾಕಿ, ಕೂಗಿ,
ಅಲ್ಲಿಯೇ, ಬೇರೆ ಸಾಲಿನಲ್ಲಿ ಇಳಿದವು.

ಶನಿವಾರ ಒಂದು ಸೀಸೆ ಬಂದಿತ್ತು.
ಬಂಕಾಪುರದ ಹುಡುಗಿ, ಒಂಬತ್ತು ವರ್ಷ.
ಎರಡು ಸಲ ಎಣಿಸಿದೆ.
ಹಕ್ಕಿಯಾದರೆ ಮಂಜಿನಲ್ಲಿ ಕಾಣಲಿಲ್ಲವೆನ್ನಬಹುದಿತ್ತು.

ಬಿಸಿಲು ನೀರಿಗೆ ಇಳಿದ ಮೇಲೆ
ಬಂಡೆಯ ಪಕ್ಕ ಮೂರು ತಲೆ.
ಚಪ್ಪಟೆ, ತೊಯ್ದ, ಮೀಸೆಯ ತಲೆ.
ನೀರುನಾಯಿ.
ನಮ್ಮನ್ನು ನೋಡಿದವು, ತಾವೂ ಎಣಿಸುವ ಹಾಗೆ.
ಮಾಲತೇಶ ಹಲ್ಲು ಕಚ್ಚಿ ಪಿಸುಗಿದ:
‘ಹ್ವಾದ ವಾರ ನನ್ನ ಬಲಿ ಹರದಾವ ಇವಾ ರೀ.
ಎರಡ ಸಾವಿರದ ಬಲಿ. ಬರಕೊಳ್ರಿ ಅದನ್ನೂ.’
ಇದು ಹಕ್ಕಿಯ ಫಾರ್ಮು ಅಂದೆ.
‘ಮತ್ತ ನಮ್ಮ ಫಾರ್ಮು ಎಲ್ಲೈತ್ರಿ?’

ಹಾಗೆ ಕೇಳಿದವನೇ
ಹುಟ್ಟನ್ನು ನೀರಿನಿಂದ ಮೇಲೆತ್ತಿದ.
ಹನಿ ಸದ್ದಾದೀತೆಂದು ತನ್ನ ತೊಡೆಯ ಮೇಲಿಟ್ಟುಕೊಂಡ.
ಪ್ಯಾಂಟು ತೊಯ್ದು ಕಪ್ಪಾಯಿತು.
ಹರಗೋಲು ತಾನೇ ತಿರುಗಿತು, ಅರ್ಧ ಸುತ್ತು,
ನನ್ನ ಎಡ ಬಲಕ್ಕೆ ಬಂತು, ಬಲ ಎಡಕ್ಕೆ.
ಒಂದು ತಲೆ ಮುಳುಗಿತು. ಎರಡು.
ಮೂರನೆಯದು ಮೀನು ಹಿಡಿದು ಮಗ್ಗುಲಾಗಿ
ಕರಕರ ಜಗಿಯಿತು, ನಮ್ಮ ಎದುರಿಗೇ, ಸಾಲದ ಹಂಗಿಲ್ಲದೆ.

ದಂಡೆಯಲ್ಲಿ ಕೂತು ಫಾರ್ಮು ತುಂಬಿದೆ.
ಚಮಚಕೊಕ್ಕು ಹದಿನೇಳು. ಹಾವಕ್ಕಿ ಐದು.
ನದಿ ರೀವ ಅರವತ್ತೆರಡು, ಗೆರೆಯ ಮೇಲೆ.
ಷರಾ ಕಾಲಮ್ಮು ಚಿಕ್ಕದು, ಒಂದೂವರೆ ಇಂಚು.
ಬರೆದೆ: ದುರ್ಬೀನಿನ ಬಲಗಣ್ಣು ಮಂಜು.
ಅಂಬಿಗನ ಬಲೆ ಹರಿದಿದೆ.